ಹದಿನಾಲ್ಕನೇ ನಂಬರಿನ ಬಚ್ಚಲು

ಮಾರ್ಚ್ 3, ಬೆಳಗ್ಗೆ 6.40
ಎಂದಿನಂತೆ ಬಚ್ಚಲಿನ ಬಾಗಿಲಲ್ಲಿ ಕಾವಲು. ಒಳಗೆ ಅತ್ತೆ, ಹೆಂಡತಿಯ ಅಮ್ಮ. ಜಾರಿ ಬಿದ್ದು ಇಂದಿಗೆ ಇಪ್ಪತ್ತು ದಿನ. ಸೊಂಟ ಉಳಿಯಿತು, ಬಕೆಟ್ಟು ಹೋಯಿತು. ಎರಡು ನಿಮಿಷಕ್ಕೊಮ್ಮೆ ನಾನು ಕೆಮ್ಮಬೇಕು. ಒಳಗಿನಿಂದ ತಿರುಗಿ ಕೆಮ್ಮು ಬಂದರೆ ಅತ್ತೆ ಕ್ಷೇಮ. ಕೇಳಿದವರು ಈ ಮನೆಗೇ ಕ್ಷಯ ಅಂದಾರು.

ಮೇಸ್ತ್ರಿ ಬಂದು ಅಳೆದು ಹೋದ. ಜಾರದ ಟೈಲ್ಸ್, ಗೋಡೆಗೆ ಹಿಡಿಕೆ, ಕೂರುವ ಕಮೋಡು — ಎಪ್ಪತ್ತೈದು ಸಾವಿರ. ಕೇಳಿ ನಾನೇ ಗೋಡೆ ಹಿಡಿದುಕೊಂಡೆ.

ಮಾರ್ಚ್ 5
ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. ಕನ್ನಡಕದ ಅಂಗಡಿ ಇಟ್ಟವನಿಗೆ ಸಂಬಳ ಕೊಡುವ ಪುಣ್ಯಾತ್ಮ ಯಾರು? ಅಣ್ಣ ಕೊಡುತ್ತಾನಂತೆ. ಆದರೆ ಟೈಲ್ಸಿನ ಬಣ್ಣ, ನಲ್ಲಿಯ ಎತ್ತರ, ನಮ್ಮ ನಡತೆ ಎಲ್ಲವನ್ನೂ ಅವನೇ ತೀರ್ಮಾನಿಸುವನಂತೆ. ಬೇಡ.

ಇವಳು ತನ್ನ ಬಳೆ ಬಿಚ್ಚಿ ಮೇಜಿನ ಮೇಲಿಟ್ಟಳು. ಅತ್ತೆ ಎತ್ತಿ ಮತ್ತೆ ಅವಳ ಕೈಗೇ ತೊಡಿಸಿದರು.
"ಬಿದ್ದವಳು ನಾನು. ನಿನ್ನ ಬಳೆ ಯಾಕೆ ಬೀಳ್ಬೇಕು?"
"ಅಮ್ಮಾ, ಹಠ ಮಾಡ್ಬೇಡ."
"ಹಠ ಅಲ್ಲ ಕಣೆ. ನನಗೆ ಆ ಬಚ್ಚಲೇ ಸಾಕು."

ಮಾರ್ಚ್ 8
ಸಾಕು ಅಂದದ್ದರ ಅರ್ಥ ಇವತ್ತು ತಿಳಿಯಿತು. ಅತ್ತೆ ನೀರು ಕುಡಿಯುವುದನ್ನೇ ಬಿಡುತ್ತಿದ್ದಾರೆ. ಬೆಳಗ್ಗೆ ಕೊಟ್ಟ ಲೋಟ ಸಂಜೆಗೂ ಅರ್ಧ ತುಂಬಿತ್ತು. ಕುಡಿದರೆ ತಾನೇ ಬಚ್ಚಲಿಗೆ ಹೋಗಬೇಕಾದದ್ದು...

ಇನ್ನೊಂದು. ಅವರ ಕನ್ನಡಕ ಒರೆಸಿಡೋಣವೆಂದು ಡಬ್ಬಿ ತೆರೆದೆ. ಅಡಿಯಲ್ಲಿ ಮಡಿಸಿಟ್ಟ ಕಾಗದ. 'ಹಿರಿಯರಿಗೆ ವಸತಿ. ಮುಂಗಡ ಎಪ್ಪತ್ತು ಸಾವಿರ.' ಪೆನ್ಸಿಲಿನಲ್ಲಿ ಅಡಿಗೆರೆ.

ಹಾಗೇ ಮಡಿಸಿಟ್ಟೆ. ಇವಳಿಗೆ ಹೇಳಿಲ್ಲ. ಹೇಗೆ ಹೇಳಲಿ?

ಮಾರ್ಚ್ 9
ತೀರ್ಮಾನ ಆಯಿತು. ಚೀಟಿ ಎತ್ತುತ್ತೇನೆ. ಟೈಲರಕ್ಕ ನಡೆಸುವ ಚೀಟಿಯಲ್ಲಿ ನನ್ನದೂ ಒಂದಿದೆ. ಎಲ್ಲರೂ ತಿಂಗಳು ತಿಂಗಳು ಕಟ್ಟಿದ್ದು ಸೇರಿ ಒಂದು ಲಕ್ಷ. ಅದರಲ್ಲಿ ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಆ ತಿಂಗಳ ಹಣ ಅವರಿಗೆ. ಅಕ್ಕನ ಬಳಿ ಹೆಸರಿಲ್ಲ, ನಂಬರ್ ಮಾತ್ರ. ಯಾರು ಯಾರೆಂದು ಯಾರಿಗೂ ಹೇಳುವುದಿಲ್ಲ. ನಾನು ಒಂಬತ್ತು. ಇಪ್ಪತ್ತೈದು ಸಾವಿರದವರೆಗೂ ಬಿಡಬಹುದು. ಅತ್ತೆಗೆ ಮಾತ್ರ ಸುಳಿವು ಸಿಗಬಾರದು. ಮೇಸ್ತ್ರಿ ನೆಲ ಕಿತ್ತ ಮೇಲೆ ಬೇಡ ಅನ್ನಲಿ, ನೋಡೋಣ.

ಮಾರ್ಚ್ 15, ಸಂಜೆ 5
ಸೋತೆ.

ಟೈಲರಕ್ಕ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಾಳೆ. ಅತ್ತೆಗೆ ಕೇಳದಿರಲೆಂದು ಬಚ್ಚಲು ಸೇರಿ ಚಿಲಕ ಹಾಕಿಕೊಂಡೆ. ಹನ್ನೆರಡು ಅಂದೆ. "ಹದಿನಾಲ್ಕನೇ ನಂಬರ್ ಹದಿನೈದು ಅಂತಿದಾರಪ್ಪ." ಹದಿನೆಂಟು ಅಂದೆ. ಹದಿನಾಲ್ಕನೇ ನಂಬರ್ ಇಪ್ಪತ್ತು. ಯಾವ ಮಹಾರಾಯನೋ, ದುಡ್ಡಿಗೆ ಬೆಂಕಿ ಬಿದ್ದವನ ಹಾಗೆ ಏರುತ್ತಾನೆ. ನಾನು ಇಪ್ಪತ್ತೈದಕ್ಕೆ ನಿಂತೆ. ಅವನು ಇಪ್ಪತ್ತಾರು ಅಂದು ಹೊಡೆದುಕೊಂಡು ಹೋದ.

ಇದರ ನಡುವೆ ಹಿತ್ತಿಲ ಮೆಟ್ಟಿಲ ಮೇಲೆ ಅತ್ತೆ ಸ್ವೆಟರ್ ಹೆಣೆಯುತ್ತ ಲೆಕ್ಕ ಹಾಕುತ್ತಿದ್ದರು. ಕಿಟಕಿಯಿಂದ ಕೇಳುತ್ತಿತ್ತು. ಹದಿನೈದು... ಇಪ್ಪತ್ತು... ನಡುವಿನದೆಲ್ಲ ಹಾರಿಸುತ್ತಾರೆ. ಪಾಪ, ಕಣ್ಣು ಸೋಲುತ್ತಿದೆ. ನಾಳೆ ಅಂಗಡಿಗೆ ಕರೆದೊಯ್ದು ಪವರ್ ನೋಡಬೇಕು.

ಮಾರ್ಚ್ 16
ಪವರ್ ನೋಡಬೇಕಾದದ್ದು ನನ್ನದು.

ಟೈಲರಕ್ಕ ಬಂದು ಎಪ್ಪತ್ತನಾಲ್ಕು ಸಾವಿರದ ಕಟ್ಟನ್ನು ನೇರ ಅತ್ತೆಯ ಕೈಗಿಟ್ಟಳು. ನಿನ್ನೆ ಸ್ವೆಟರಿನ ಮರೆಯಲ್ಲಿ ಇದ್ದದ್ದು ಫೋನು. ಅವಳ ಬ್ಲೌಸುಗಳಿಗೆ ಕೈಹೊಲಿಗೆ ಹಾಕಿದ ಕೂಲಿಯಲ್ಲೇ ಅತ್ತೆ ಚೀಟಿ ಕಟ್ಟುತ್ತಿದ್ದರಂತೆ, ಎರಡು ವರ್ಷದಿಂದ.

"ಅಕ್ಕಾ, ಗೊತ್ತಿದ್ದೂ ನಮ್ಮಿಬ್ಬರ ಕೈಲೇ ಕೂಗಿಸಿದ್ರಾ?"
"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಲ್ಲ. ನಗು ತಡ್ಕೊಳ್ಳೋಕೆ ಬಾಯಲ್ಲಿ ಟೇಪು ಕಚ್ಕೊಂಡಿದ್ದೆ."

ನನಗೆ ನಗು ಬರಲಿಲ್ಲ. ಕಣ್ಣೆದುರು ಆ ಕಾಗದ. ಎಪ್ಪತ್ತು ಸಾವಿರ. ಮುಂಗಡಕ್ಕೆ ಸಾಕು. ಅಕ್ಕ ಹೋದ ಮೇಲೂ ಬಾಗಿಲಲ್ಲೇ ನಿಂತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ.
"ಅತ್ತೆ, ಕನ್ನಡಕದ ಡಬ್ಬಿಯಲ್ಲಿರೋ ಕಾಗದ..."
ಅತ್ತೆ ಹೆಣಿಗೆಯ ಸೂಜಿಗಳನ್ನು ಉಲ್ಲನ್ ಉಂಡೆಗೆ ಚುಚ್ಚಿಟ್ಟರು.
"ಚೀಟಿ ಸೇರಿದ್ದು ಅದಕ್ಕೇ ಅಳಿಯಂದ್ರೆ. ಭಾರ ಆಗೋದು ಬೇಡ ಅಂತ."
"ಮತ್ತೆ ಈಗ?"
"ತಿಂಗಳ ಮೇಲಾಯ್ತು, ಬಾಗಿಲ ಹೊರಗೆ ಕೆಮ್ತಾ ನಿಂತಿದೀರಿ. ಅಲ್ಲಿ ಯಾರು ಕೆಮ್ತಾರೆ?"
ಕಟ್ಟನ್ನು ನನ್ನ ಕೈಗೆ ಹಾಕಿದರು.
"ಮೇಸ್ತ್ರಿಗೆ ಕೊಡಿ. ಒಂದು ಸಾವಿರ ಕಮ್ಮಿ ಇದೆ, ಅದು ನಿಮ್ದು. ನಾಳೆ ಪೂರ್ತಿ ನಂದೇ ಬಚ್ಚಲು ಅಂತ ನಾನು ಮೆರೀಬಾರ್ದು."
"ಹಾಗಾದ್ರೆ ಇಲ್ಲೇ ಇರ್ತೀರಾ?"
"ಬಚ್ಚಲು ಕಟ್ಟಿಸಿ ಸ್ನಾನ ಮಾಡ್ದೆ ಹೋಗೋಳಾ ನಾನು?"

ಮನೆಯವರಿಬ್ಬರೇ ಪೈಪೋಟಿಗೆ ಬಿದ್ದು ಇಪ್ಪತ್ತಾರು ಸಾವಿರ ಬಿಟ್ಟುಕೊಟ್ಟೆವೆಂದು ಕೇಳಿ ಇವಳು ತಲೆ ಚಚ್ಚಿಕೊಂಡಳು. ಕಾಗದದ ವಿಷಯವೂ ತಿಳಿದ ಮೇಲೆ ಅಮ್ಮನ ಮಡಿಲಲ್ಲಿ ಅದೇ ತಲೆ ಇಟ್ಟು ಬಹಳ ಹೊತ್ತು ಏಳಲಿಲ್ಲ.

ಏಪ್ರಿಲ್ 11, ಬೆಳಗ್ಗೆ 7
ಹೊಸ ಬಚ್ಚಲು. ಹಿಡಿಕೆ ಎರಡು. ಕಾವಲು ರದ್ದೆಂದು ಅತ್ತೆಯ ಅಪ್ಪಣೆ. ಆದರೂ ಹೊರಗೆ ನಿಂತು ಒಮ್ಮೆ ಕೆಮ್ಮಿದೆ, ಅಭ್ಯಾಸಬಲ. ಒಳಗಿನಿಂದ ಕೆಮ್ಮಿನ ಬದಲು ಹಾಡು ಬಂತು. ಶ್ರುತಿ ಇಲ್ಲ, ತಾಳ ಇಲ್ಲ. ಕೇಳುತ್ತ ನಿಂತೆ.

ಬಂದವರು ಒಂದು ಲೋಟ ನೀರು ಪೂರ್ತಿ ಕುಡಿದರು. ಇನ್ನೊಂದು ಕೇಳಿದರು, ಕೊಟ್ಟೆ. ಈಗ ಮತ್ತೆ "ಅಳಿಯಂದ್ರೆ, ಆ ತಂಬಿಗೇನೇ ಇಲ್ಲಿಟ್ಬಿಡಿ" ಅಂತ ಕರೆಯುತ್ತಿದ್ದಾರೆ. ಉಳಿದದ್ದು ಆಮೇಲೆ, ತುಂಬಿಸಿ ಕೊಟ್ಟು—