ನಾನು ಸತ್ತಿರಲಿಲ್ಲ

ಅಮ್ಮಾ,

ನೀನು ಮಲಗಿದ್ದೆ, ಸದ್ದು ಮಾಡದೆ ಜಮಖಾನ ಕೊಡವಿ ಹಾಸಿದ್ದೇನೆ. ಸಂಜೆಯ ಪ್ರಾರ್ಥನೆ ಕೂಟಕ್ಕೆ ಲೋಟಗಳನ್ನೂ ತೊಳೆದಿಟ್ಟಿದ್ದೇನೆ.

ಕೂಟದಲ್ಲಿ ಎದ್ದು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವಾಗ ನನ್ನ ಚಿಕ್ಕಂದಿನ ಜ್ವರವನ್ನು ಇನ್ನೂ ಏರಿಸಬೇಡ. ಹೋದ ತಿಂಗಳು ನೀನು, "ನಮ್ ಎಸ್ತೇರು ಸತ್ತೇ ಓಗಿದ್ಲು ಕಣಕ್ಕಾ, ಯೇಸಪ್ಪ ಎಬ್ಬಿಸ್ಬುಟ್ಟ" ಅಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ರಾಹೇಲಮ್ಮ ನನ್ನ ಕೈ ಬೆಚ್ಚಗಿದೆಯಾ ಎಂದು ಮುಟ್ಟಿ ನೋಡಿದರು. ಇವತ್ತು ಹೆಣ್ಣು ನೋಡಲು ಹೊಳೆನರಸೀಪುರದವರೂ ಬರುತ್ತಾರೆ. ಅವರು ಕೇಳಿರುವುದು ಬದುಕಿರುವ ಹೆಣ್ಣನ್ನು.

ಆ ಜ್ವರದ ದಿನ ಬಸ್ಸಿಲ್ಲದೆ ನೀನು ನನ್ನನ್ನು ಹೊತ್ತು ಗೊರೂರಿನಿಂದ ಹಾಸನದ ಆಸ್ಪತ್ರೆಗೆ ನಡೆಯತೊಡಗಿದೆಯಂತೆ. ಅರ್ಧ ದಾರಿಯಲ್ಲಿ ಹಾಲಿನ ವ್ಯಾನಿನವನು ಕರೆಯದೆಯೇ ನಿಲ್ಲಿಸಿದನಂತೆ. ಅಪ್ಪ ಹೇಳಿದ್ದರಿಂದ ಗೊತ್ತಾಯಿತು. ದೇವರು ಕೈಬಿಡಲಿಲ್ಲ ಅನ್ನಲು ನನಗೆ ಅಷ್ಟೇ ಸಾಕು. ನನ್ನನ್ನು ಹೊತ್ತು ನಡೆದದ್ದನ್ನು ಮಾತ್ರ ನೀನು ಯಾವ ಕೂಟದಲ್ಲೂ ಹೇಳಿಲ್ಲ.

ಇವತ್ತು ಅದನ್ನು ಹೇಳಮ್ಮ.

ಎಸ್ತೇರ್