ಸಿಡಿಲಕ್ಕನ ಎರಡನೇ ಹುಟ್ಟು

೧೧ ಜೂನ್ ೨೦೦೧, ಗುಬ್ಬಿ

ಮತ್ತೆ ನಿಬ್ ಕೈಕೊಟ್ಟಿತು. ನನ್ನ ಚಿತ್ರಕಥೆಯ ನಾಯಕಿ ಸಿಡಿಲಕ್ಕನ ಮೂಗಿನ ಮೇಲೆ ಇಂಕಿನ ಮಚ್ಚೆ. ವೈಟ್ನರ್ ಹಚ್ಚಿ ಒಣಗಲು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ತುಮಕೂರಿನಿಂದ ಷಡಕ್ಷರಿ ಫೋನ್. ಮಕ್ಕಳ ಮಾಸಿಕದ ಸಂಪಾದಕರು, ಮಕ್ಕಳಿಗಿಂತ ಅವಸರ.

"ಮೇಡಂ, ಫೆಬ್ರವರಿಗೆ ನೂರನೇ ಸಂಚಿಕೆ. ಸಿಡಿಲಕ್ಕಂಗೆ ಶಕ್ತಿ ಹೆಂಗ್ ಬಂತು ಅಂತ ಹೊಸ್ದಾಗಿ ಹೇಳ್ಬಿಡಿ. ಆ ಹುತ್ರಿದುರ್ಗದ ಸಿಡಿಲು ಹಳೇದಾಯ್ತು."

ಬೆಟ್ಟದ ಮೇಲೆ ಕುರಿ ಕಾಯುವ ಹುಡುಗಿಗೆ ಸಿಡಿಲು ಬಡಿದು ಶಕ್ತಿ ಬಂತು ಅಂತ ನಾನೇ ಬರೆದಿದ್ದೆ. ಆಗ ಮದುವೆಯಾಗಿರಲಿಲ್ಲ, ಬುದ್ಧಿಯೂ ಇರಲಿಲ್ಲ. ಸಿಡಿಲು ಬಡಿದರೆ ಹುಡುಗಿ ಸಾಯುತ್ತಾಳೆ, ಅಷ್ಟೇ.

ಈಗ ನಾಲ್ಕನೇ ತಿಂಗಳು. ಮೊದಲಿನ ಎರಡೂ ಹುಟ್ಟಿ ವಾರದೊಳಗೆ ಹೋದವು. ಈ ಸಲ ಹೊರಗೆ ಯಾರಿಗೂ ಹೇಳಿಲ್ಲ. ಎದುರು ಮನೆ ಶಿವರುದ್ರಮ್ಮ ಮಾತ್ರ ನನ್ನ ನಡಿಗೆ ನೋಡಿಯೇ ಕಂಡುಹಿಡಿದಳು.

೨ ಸೆಪ್ಟೆಂಬರ್

ಅತ್ತೆಯ ತೀರ್ಮಾನ — "ಮಗೀನ ತಿಪ್ಪೆ ಮ್ಯಾಲೆ ಮಲಗ್ಸಿ ಶಿವರುದ್ರಿಗೆ ಮಾರ್ಬುಡಾಣ. ಅವಳಿಗೆ ಐದು ಮಕ್ಳು, ಐದೂ ಗುಂಡುಕಲ್ಲಂಗವೆ."

ಬೆಲೆ ಒಂದು ಮೊರ ತವುಡು. ಕಿವಿ ಚುಚ್ಚುವ ದಿನ ಅಷ್ಟೇ ತವುಡು ಕೊಟ್ಟು ವಾಪಸ್ ಕೊಳ್ಳುವುದು. ಅಲ್ಲಿಯವರೆಗೆ ಹಾಲು ನನ್ನದು, ಮಗು ಅವರದು. ಇವರು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು, ನಗುತ್ತಾರೆ ಅಂದುಕೊಂಡೆ. "ಮಾಡಿ" ಅಂದು ಎದ್ದು ಹೋದರು.

ಅದೇ ದಿನ, ಸಂಜೆ

ಕಥೆ ಸಿಕ್ಕಿತು. ಸಿಡಿಲಕ್ಕನೂ ತವುಡಿಗೆ ಮಾರಿದ ಕೂಸು. ಜವರಾಯ ಬರುತ್ತಾನೆ. ಹೆತ್ತವಳು "ಇಲ್ಲಿ ಮಗುವೇ ಇಲ್ಲ" ಅನ್ನುತ್ತಾಳೆ. ಎದುರು ಮನೆಗೆ ಹೋದರೆ ಅಲ್ಲಿನ ಮಕ್ಕಳಲ್ಲಿ ಇವಳ ಲೆಕ್ಕವಿಲ್ಲ. ಕೋಣದ ಮೇಲೆ ಕೂತು ತಲೆ ಕೆರೆದುಕೊಳ್ಳುತ್ತಾನೆ. ಅಂದಿನಿಂದ ಸಾವಿಗೆ ಇವಳ ವಿಳಾಸವೇ ಗೊತ್ತಿಲ್ಲ — ಅದೇ ಶಕ್ತಿ. ಕೊನೆಯ ಪುಟದಲ್ಲಿ ತಾಯಿ ಮಗಳನ್ನು ವಾಪಸ್ ಕೊಳ್ಳುತ್ತಾಳೆ. ಷಡಕ್ಷರಿ ಫೋನಿನಲ್ಲೇ ಕುಣಿದರು.

೨೧ ನವೆಂಬರ್

ಹೆಣ್ಣು. ಮೊನ್ನೆ ಹುಟ್ಟಿದಳು, ಇವತ್ತು ಮನೆಗೆ ಬಂದೆವು. ಬಂದವರೇ ನೇರ ತಿಪ್ಪೆಗೆ. ಅತ್ತೆ ತಿಪ್ಪೆಯ ಮೇಲೂ ಹೊಸ ಟವೆಲ್ ಹಾಸಿದ್ದರು — ಶಾಸ್ತ್ರಕ್ಕೇ ಮೋಸ. ಶಿವರುದ್ರಮ್ಮ ತವುಡು ಸುರಿದು ಎತ್ತಿಕೊಂಡಳು. "ಏನ್ಲೇ ತಿಪ್ಪಿ, ನಮ್ಮನೇಗ್ ಬತ್ತೀಯಾ?" ಎಲ್ಲರೂ ನಕ್ಕೆವು.

೩೦ ನವೆಂಬರ್

ವಾರ ದಾಟಿತು. ಹಾಲು ಕುಡಿಯುತ್ತಾಳೆ, ಕಿರುಚುತ್ತಾಳೆ. ಬರೆಯಲು ಪುರುಸೊತ್ತಿಲ್ಲ. ಇರುವುದೂ ಬೇಡ.

೨೪ ಡಿಸೆಂಬರ್

ಹೋದಳು. ಒಂಬತ್ತನೇ ತಾರೀಖು. ಎರಡು ದಿನದಿಂದ ಎದೆಯಲ್ಲಿ ಕಫ. ತುಮಕೂರಿಗೆ ಒಯ್ಯುವ ದಾರಿಯಲ್ಲೇ, ನನ್ನ ತೊಡೆಯ ಮೇಲೆ...

ಮನೆ ಮುಂದೆ ಕಾರಿನಿಂದ ಇಳಿಯುವಾಗಲೇ ಶಿವರುದ್ರಮ್ಮ ಮಗುವನ್ನು ಕೈಯಿಂದ ತೆಗೆದುಕೊಂಡಳು. "ಇದು ನಮ್ಮನೆ ಸಾವು ಕಣವ್ವ. ನೀನ್ ಅಳ್ಬ್ಯಾಡ. ನೀನ್ ಅತ್ರೆ ಮೂರಾಯ್ತದೆ. ನಿಂದು ಎಲ್ಡೇ."

ತನ್ನ ಜಗಲಿಯಲ್ಲಿ ಕೂತು ಅತ್ತಳು. ಅವಳ ಗಂಡ ಚನ್ನವೀರಯ್ಯ ಎತ್ತಿಕೊಂಡು ಹೋಗಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ಇವರು ಹಿಂದೆ ಹಿಂದೆ ನಡೆದರಂತೆ, ನೆಂಟರ ಹಾಗೆ. ಸಮಾಧಾನ ಹೇಳಲು ಬಂದವರೆಲ್ಲ ಅವರ ಮನೆಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಾ ಕೂತಿದ್ದೆ. ಸೀರೆಯೆಲ್ಲ ಹಾಲು.

ನನ್ನ ಒಳ್ಳೆಯದಕ್ಕೇ ಮಾಡಿದ್ದು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು. ಆದರೆ ಸತ್ತ ಮೇಲೂ ನನ್ನ ಮಗಳು ನನ್ನವಳಲ್ಲ ಅಂದರೆ ಹೇಗೆ ತಡೆದುಕೊಳ್ಳಲಿ.

೩ ಜನವರಿ ೨೦೦೨

ಷಡಕ್ಷರಿ ಫೋನ್. ಮೆಲ್ಲಗೆ ಮಾತಾಡಿದರು. "ಕೊನೇ ಪುಟ ಒಂದೇ ಬಾಕಿ ಮೇಡಂ. ಆಗ್ದಿದ್ರೆ ಬಿಡಿ, ಹಳೇ ಸಿಡಿಲನ್ನೇ ಹಾಕ್ತೀನಿ."

ಕೂತೆ. ತಾಯಿಯನ್ನು ಬರೆದೆ, ಮೊರ ಬರೆದೆ. ಎದುರು ಮನೆಯವಳ ಕೈಯಲ್ಲಿ ಮಗು ಬರೆಯಬೇಕು. ನಿಬ್ ಇಂಕಿಗೆ ಅದ್ದಿ ಅದ್ದಿ ಇಟ್ಟೆ. ಆಗಲಿಲ್ಲ.

೫ ಜನವರಿ

ಒಂದು ಮೊರ ತವುಡು ತೆಗೆದುಕೊಂಡು ಎದುರು ಮನೆಗೆ ಹೋದೆ. ಶಿವರುದ್ರಮ್ಮ ಹಸುವಿನ ಮುಂದೆ ಬಾನಿ ಇಡುತ್ತಿದ್ದಳು.

"ಏನವ್ವ ಇದು?"

"ಮಗು ವಾಪಸ್ ಕೊಡಕ್ಕ."

ಅವಳಿಗೆ ಅರ್ಥವಾಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಕೊಡಲ್ಲ. ಮುಂದಿನ್ ಬಸುರಿಗೆ ಕೆಟ್ಟದು ಕಣವ್ವ."

"ಮುಂದಿಂದು ಬೇಡ. ನಂಗೆ ಇವಳೇ ಬೇಕು."

"ನಾನೂ ಎತ್ತಾಡ್ಸಿವ್ನಿ ಕಣೇ," ಅಂದಳು.

ಮೊರ ಹಿಡಿದು ನಿಂತೇ ಇದ್ದೆ. ಕೈ ಸೋತಿತು, ತವುಡು ಚೆಲ್ಲತೊಡಗಿತು. ಅವಳು ಮೊರ ಕಿತ್ತುಕೊಂಡು ತವುಡನ್ನೆಲ್ಲ ಬಾನಿಗೆ ಸುರಿದಳು. ಹಸು ಮೂತಿ ಇಟ್ಟಿತು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿನ್ ಮಗಳು ಹೋಗ್ಬುಟ್ಲು ಕಣವ್ವ. ಅಳು."

ಅತ್ತುಬಿಟ್ಟೆ. ಬೀದಿಯಲ್ಲೇ, ನಾಚಿಕೆ ಬಿಟ್ಟು. ಇವರು ಓಡಿ ಬಂದು ಪಕ್ಕದಲ್ಲಿ ಕೂತು ತಾವೂ ಅತ್ತರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಯಾರು ಹೋಗಿದ್ದು ಅಂತ ಕೇಳಿದಳು. ಹೇಳಿದೆ — ನನ್ನ ಮಗಳು, ಇಪ್ಪತ್ತು ದಿನದ ಕೂಸು, ನನ್ನವಳೇ.