ಮೂರನೇ ಹೆಜ್ಜೆಗೆ ನಿಲ್ಲುವ ಹುಡುಗಿ

ಜುಲೈ 19, ಬೆಳಿಗ್ಗೆ

ಇವತ್ತೂ ಊಟದ ಕುರ್ಚಿಯ ಮೇಲೆ ಸಾಕ್ಸು. ಒದ್ದೆ. ಥೂ! ಎರಡೇ ಬೆರಳಲ್ಲಿ ಎತ್ತಿ ಅಂಗಳಕ್ಕೆ ಎಸೆದೆ.

ಡೆನ್ಮಾರ್ಕಿನಿಂದ ನಮ್ಮ ಯಾನಿನಾ ಪಟ್ಟಣದ ಯೂನಿವರ್ಸಿಟಿಗೆ ಓದಲು ಬಂದವಳದು. ರಜೆಯಲ್ಲಿ ನಮ್ಮನೆಯಲ್ಲಿದ್ದು ನಮ್ಮ ಹಳ್ಳಿಯ ಕುಣಿತ, ನಮ್ಮ ಸಂಗೀತ ಕಲಿಯಬೇಕಂತೆ. ಸಿಗ್ನೆ ಅಂತ ಹೆಸರು. ಹೆಸರೇನೋ ಚೆನ್ನಾಗಿದೆ, ಪಾದಗಳು ಮರದ ಕೊರಡು. ಕುಣಿಯುವಾಗ ತುಟಿಯಲ್ಲಿ ಒಂದು, ಎರಡು, ಮೂರು ಅಂತ ಲೆಕ್ಕ. ಇಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಮುಂದಾಳು ಕಾಲು ಇಡುತ್ತಾನೆ, ಕ್ಲಾರಿನೆಟ್ಟಿನವನು ಆ ಕಾಲನ್ನು ನೋಡಿ ಊದುತ್ತಾನೆ. ಅಷ್ಟೇ ಶಾಸ್ತ್ರ.

ಜುಲೈ 21

ಪಾಠಕ್ಕೆ ನನ್ನ ಗಂಡ ಫೋಟಿಸನ ಕ್ಲಾರಿನೆಟ್ ರೆಕಾರ್ಡಿಂಗ್. ಕಳೆದ ಜುಲೈನಲ್ಲಿ ನನ್ನ ಫೋನಿಗೆ ಊದಿಟ್ಟದ್ದು. ಅದೊಂದೇ ಇರುವುದು. ಹಾಕಿಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತೇನೆ, ನಲ್ಲಿ ಜೋರಾಗಿ ಬಿಡುತ್ತೇನೆ. ಕೇಳಲಾರೆ. ಅವನು ಸತ್ತು ಇನ್ನೂ ಏಳು ತಿಂಗಳು ತುಂಬಿಲ್ಲ. ಕಿಟಕಿಯಿಂದ ಅವಳ ಪಾದ ಮಾತ್ರ ನೋಡುತ್ತೇನೆ.

ಮೂರನೇ ಹೆಜ್ಜೆಗೆ ನಿಂತುಬಿಡುತ್ತಾಳೆ! ಕಾಲು ಗಾಳಿಯಲ್ಲಿ. ಆಮೇಲೆ ದಡಕ್ಕನೆ ಮುಂದೆ.

"ಏನದು? ಚಪ್ಪಲಿಗೆ ಸಗಣಿ ಮೆತ್ಕೊಂಡಿದ್ಯಾ? ನಿಲ್ಬೇಡ!"

"ಸರಿ ಮೇಡಂ" ಅಂತಾಳೆ. ಮತ್ತೆ ನಿಲ್ಲುತ್ತಾಳೆ.

ಜುಲೈ 24, ಸಂಜೆ

ಕೊಸ್ಮಾಸ್ ಬಂದಿದ್ದ. ಫೋಟಿಸನ ತಮ್ಮ. ಹಬ್ಬದ ಕಮಿಟಿಯ ಅಧ್ಯಕ್ಷ ಬೇರೆ. ಒದ್ದೆ ತುಟಿ, ಬೆರಳು ನೆಕ್ಕಿ ನೆಕ್ಕಿ ನನ್ನ ಸೊಪ್ಪಿನ ಪೀಟಾ ಮೂರು ತುಂಡು ತಿಂದ. ನೋಡಿದರೇ ವಾಕರಿಕೆ.

"ಅತ್ತಿಗೆ, ಆಗಸ್ಟ್ ಹದಿನೈದಕ್ಕೆ ನಿಮ್ಮನೆ ಸರದಿ ನಾನೇ ಕುಣಿದುಬಿಡ್ತೀನಿ. ನೀನು ಸೂತಕದ ಕರೀ ಬಟ್ಟೇಲಿದೀಯ, ಕುಣಿಯೋ ಹಾಗಿಲ್ಲ, ಮಕ್ಕಳಿಲ್ಲ. ಇನ್ಯಾರಿದಾರೆ?"

ಮಾತೆ ಮರಿಯ ಹಬ್ಬದಂದು ಚೌಕದಲ್ಲಿ ಒಂದೊಂದು ಮನೆಯ ಹೆಸರು ಕೂಗುತ್ತಾರೆ. ಆ ಮನೆಯವರೊಬ್ಬರು ಕರವಸ್ತ್ರ ಹಿಡಿದು ಮುಂದಾಳಾಗಬೇಕು. ಯಾರೂ ಏಳದಿದ್ದರೆ ಸರದಿ ಹತ್ತಿರದ ನೆಂಟನಿಗೆ. ಎಂದೆಂದಿಗೂ.

ಕಳೆದ ವರ್ಷದ ಹಬ್ಬದಲ್ಲಿ ಇದೇ ಕೊಸ್ಮಾಸ್ ಊರೆಲ್ಲ ನೋಡುತ್ತಿದ್ದಂತೆ ಫೋಟಿಸನನ್ನು ಅರ್ಧ ರಾಗದಲ್ಲಿ ಎಬ್ಬಿಸಿದ. "ಅಣ್ಣಾ, ನಿನಗೆ ದಮ್ಮಿಲ್ಲ, ಏಳು. ಹುಡುಗ ಊದ್ಲಿ." ಫೋಟಿಸ್ ಕ್ಲಾರಿನೆಟ್ ಪೆಟ್ಟಿಗೆಗೆ ಹಾಕಿದ. ಮತ್ತೆ ತೆರೆಯಲಿಲ್ಲ. ಜನವರಿಯಲ್ಲಿ ಹೋಗಿಬಿಟ್ಟ.

ಅವನ ಸರದಿ ಇವನ ಕೈಗೆ? ನನ್ನ ಹೆಣ ಬಿದ್ದ ಮೇಲೆ!

"ನನ್ನ ಸೂರಿನಡಿ ಉಂಡು ಮಲಗೋರು ಯಾರಾದರೂ ನಮ್ಮನೆಯವರೇ ತಾನೆ?" ಅಂದೆ.

"ಹೂಂ. ಯಾಕೆ?"

"ಸಿಗ್ನೆ ಇದಾಳೆ."

ನಗುತ್ತ ನಗುತ್ತ ಪೀಟಾ ಗಂಟಲಿಗೆ ಸಿಕ್ಕಿಸಿಕೊಂಡ. ನೀರು ಕೊಡಲಿಲ್ಲ.

ಆಗಸ್ಟ್ 2

ಉಪವಾಸದ ದಿನ. ಹಾಲು, ಗಿಣ್ಣು ಮುಟ್ಟಬಾರದು. ಈ ಮಹಾತಾಯಿ ಫ್ರಿಜ್ ಮುಂದೆ ನಿಂತು ಕೈಯಲ್ಲೇ ಫೇಟಾ ಗಿಣ್ಣು ಮುರಿದು ತಿನ್ನುತ್ತಿದ್ದಾಳೆ. ಗಿಣ್ಣಿನ ನೀರು ಮೊಣಕೈವರೆಗೆ... ಅಸಹ್ಯ.

ಲೆಕ್ಕ ಹಾಕುವುದು ಬಿಟ್ಟಿದ್ದಾಳೆ. ಅದೊಂದು ಪುಣ್ಯ. ಮೂರನೇ ಹೆಜ್ಜೆಗೆ ನಿಲ್ಲುವುದು ಮಾತ್ರ ಬಿಟ್ಟಿಲ್ಲ. ಕೋಲಿನಿಂದ ನೆಲ ಕುಟ್ಟಿ ಕುಟ್ಟಿ ನನ್ನ ಕೈಯೇ ಬಿದ್ದುಹೋಯಿತು.

ಆಗಸ್ಟ್ 14

ಮಾನ ಹೋಗುವುದು ಖಂಡಿತ. ಸಾಯಂಕಾಲ ಹನ್ನೊಂದು ಸಲ ಕುಣಿಸಿದೆ. ಹನ್ನೊಂದು ಸಲವೂ ನಿಂತಳು. "ನಾಳೆ ನಿಂತ್ರೆ ಮನೆಗೆ ಬರಬೇಡ" ಅಂದೆ. ಅತ್ತಳು. ಮೂಗು ತೋಳಿಗೆ ಒರೆಸಿಕೊಂಡಳು. ಛೀ.

ಆಗಸ್ಟ್ 15, ಮಧ್ಯಾಹ್ನ

ಆದದ್ದನ್ನು ಆದಂತೆ ಬರೆಯುತ್ತೇನೆ.

ಪೂಜೆ ಮುಗಿದು ಚೌಕದಲ್ಲಿ ಸೇರಿದೆವು. ಕೊಸ್ಮಾಸ್ ಕಾಗದ ಹಿಡಿದು ಕೂಗಿದ: "ಫೋಟಿಸನ ಮನೆ! ಯಾರಾದ್ರೂ ಇದೀರಾ? ಇಲ್ಲಾಂದ್ರೆ..."

ಸಿಗ್ನೆ ಎದ್ದಳು. ಕರವಸ್ತ್ರ ಹಿಡಿದಳು. ನನ್ನ ಕಡೆ ನೋಡಲಿಲ್ಲ.

ಮೊದಲ ಹೆಜ್ಜೆ. ಎರಡು. ಮೂರನೆಯದಕ್ಕೆ ನಿಂತಳು! ಕ್ಲಾರಿನೆಟ್ ಅವಳನ್ನು ಬಿಟ್ಟು ಮುಂದೆ ಓಡಿತು. ಹಿಂದಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

"ಅತ್ತಿಗೇ, ಇದೇನು ಕಲಿಸಿದೀಯ? ಕುಣಿತಕ್ಕೂ ದಮ್ಮಿಲ್ವಲ್ಲ!" ಕೊಸ್ಮಾಸ್. ಜನ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡನೇ ಸುತ್ತು. ಅದೇ ಜಾಗದಲ್ಲಿ ಮತ್ತೆ ನಿಂತಳು. ಈ ಸಲ ಕ್ಲಾರಿನೆಟ್ಟಿನ ಹುಡುಗ ಅವಳ ಪಾದದಿಂದ ಕಣ್ಣು ಕೀಳಲಿಲ್ಲ. ರಾಗ ಕತ್ತರಿಸಿ ಕಾದ. ಸಾಲಿಗೆ ಸಾಲೇ ಕಾದಿತು. ಅವಳು ಕಾಲಿಟ್ಟಳು, ಅವನು ಊದಿದ. ಆಮೇಲೆ ಪ್ರತಿ ಸುತ್ತಿಗೂ ಹಾಗೇ.

ಕೊಸ್ಮಾಸನ ಮುಖ ಸುಣ್ಣದಂತಾಯಿತು. ಕಾಗದ ಬೆಂಚಿನ ಮೇಲಿಟ್ಟು, ಯಾರಿಗೂ ಹೇಳದೆ ಮನೆ ಕಡೆ ಹೊರಟುಹೋದ. ಯಾಕೆಂದು ತಿಳಿಯಲಿಲ್ಲ.

ಸರದಿ ಉಳಿಯಿತು. ಆದರೂ ಅವಳನ್ನು ಮಾತಾಡಿಸಲಿಲ್ಲ. ಎಷ್ಟು ಹೇಳಿದ್ದೆ!

ಆಗಸ್ಟ್ 16, ಬೆಳಿಗ್ಗೆ

ಸೂಟ್‌ಕೇಸ್ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನಿಂತುಬಿಟ್ಟೆ ಮೇಡಂ. ಮನೆಗೆ ಬರಬೇಡ ಅಂದಿದ್ರಿ."

"ಸುಮ್ನೆ ಒಳಗೆ ಬಾ, ತಿಂಡಿ ತಿನ್ನು. ಯಾಕೆ ನಿಂತೆ ಅಂತ ಅದಾದ್ರೂ ಹೇಳು."

"ಫೋನಲ್ಲಿ ಹಾಗೇ ಇದೆಯಲ್ಲ. ನೀವು ಕೇಳೇ ಇಲ್ವಾ?"

ಅಭ್ಯಾಸದಂತೆ ನಲ್ಲಿ ಬಿಟ್ಟೆ, ಅವಳೇ ನಿಲ್ಲಿಸಿದಳು. ಫೋನು ಮೇಜಿನ ಮೇಲಿಟ್ಟಳು. ಕೂತೆ.

ಫೋಟಿಸ್ ರಾಗ ಎತ್ತಿಕೊಂಡ. ಒಂದು ಹೆಜ್ಜೆಯಷ್ಟು, ಎರಡು... ನಿಂತಿತು. ಸಣ್ಣಗೆ, ಹರಿದ ಬಟ್ಟೆ ಎಳೆದಂತೆ, ಅವನು ಒಳಗೆಳೆದ ಉಸಿರು. ಆಮೇಲೆ ಮತ್ತೆ ರಾಗ.

ಪ್ರತಿ ಸುತ್ತಿನಲ್ಲೂ. ಅವಳು ನಿಲ್ಲುವ ಅದೇ ಜಾಗದಲ್ಲಿ.

ತಿಂಗಳಿಡೀ ಬೈದದ್ದು ಇದಕ್ಕೆ. ಕೋಲು ಕುಟ್ಟಿದ್ದು ಇದಕ್ಕೆ. ಅವನ ಪಕ್ಕದಲ್ಲೇ ನಿಂತು ಅವನನ್ನು ಎಬ್ಬಿಸಿದ್ದ ಕೊಸ್ಮಾಸನಿಗೆ ನಿನ್ನೆ ಚೌಕದಲ್ಲೇ ಗೊತ್ತಾಯಿತು, ನನಗೆ ಗೊತ್ತಾಗಲಿಲ್ಲ. ಥೂ ನನ್ನ ಜನ್ಮಕ್ಕೆ. ಕಂಡವರ ಸಾಕ್ಸಿಗೆ, ಗಿಣ್ಣಿಗೆ ಹೇಸಿಕೊಂಡು ಕೂತಿದ್ದೆ.

ಸಿಗ್ನೆ ಒಳಗೆ ಪೀಟಾ ತಿನ್ನುತ್ತಿದ್ದಾಳೆ. ಚಪ್ಪರಿಸುವ ಸದ್ದು ಇಲ್ಲಿಗೂ ಕೇಳುತ್ತಿದೆ. ತಿನ್ನಲಿ. ರೆಕಾರ್ಡಿಂಗ್ ಮತ್ತೆ ಹಾಕಿದ್ದೇನೆ. ಬರೆಯುತ್ತಲೇ ಕೇಳುತ್ತಿದ್ದೇನೆ. ಮೊದಲ ಹೆಜ್ಜೆ. ಎರಡು. ಈಗ —